ಖಿನ್ನತೆಯ ಮಾತ್ರೆ: ನಡುವೆ ಕೈಬಿಡಬೇಡಿ

ಬೆಳಗಾವಿ ಜಿಲ್ಲೆಯ ಚಚಡಿಯಂತಹ ಹಳ್ಳಿಯಿಂದ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಹೋಗಿ ಖಿನ್ನತೆಗೆ ಮಾತ್ರೆ ತಂದಿದ್ದೀರಿ. ಹತ್ತು ದಿನ ಸೇವಿಸಿದರೂ ಮನಸ್ಸು ಹಗುರಾಗಿಲ್ಲ. ಹಾಗೆಂದು ಬಿಟ್ಟುಬಿಡುವಿರಾ?

ಸ್ವಲ್ಪ ತಾಳಿ. ಎಸ್ಸಿಟಾಲೊಪ್ರಾಮ್, ಫ್ಲೂಆಕ್ಸೆಟಿನ್‌ನಂತಹ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ವಾಕರಿಕೆ, ತಲೆನೋವು, ನಿದ್ದೆಗೇಡು ಮಾತ್ರ ಮೊದಲ ವಾರವೇ ಬರಬಹುದು. ಹೆಚ್ಚಿನವರಲ್ಲಿ ಇವು ಕ್ರಮೇಣ ಕಡಿಮೆಯಾಗುತ್ತವೆ.

ಗುಣವಾಯಿತೆಂದು ನೀವಾಗಿಯೇ ನಿಲ್ಲಿಸುವುದೂ ತಪ್ಪು. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಬೇಕಾಗುತ್ತದೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಉಂಟಾಗಬಹುದು, ಕಾಯಿಲೆ ಮರುಕಳಿಸಬಹುದು. ವೈದ್ಯರೇ ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸಲಿ.

ರಮಝಾನ್ ಬಂತೆಂದು ಮಾತ್ರೆ ಬಿಡಬೇಡಿ. ದಿನಕ್ಕೊಂದೇ ಮಾತ್ರೆಯಾದರೆ ಇಫ್ತಾರ್ ಅಥವಾ ಸಹರಿಯ ಹೊತ್ತಿಗೆ ಬದಲಿಸಬಹುದೇ ಎಂದು ಮೊದಲೇ ವೈದ್ಯರನ್ನು ಕೇಳಿ. ಗರ್ಭಿಣಿಯಾಗಿದ್ದರೆ, ಬೇರೆ ಔಷಧಿ ಸೇವಿಸುತ್ತಿದ್ದರೆ ಅದನ್ನೂ ತಿಳಿಸಿ.

ಮನೆಯವರೇ, ಆರಂಭದ ವಾರಗಳಲ್ಲಿ, ಅದರಲ್ಲೂ 25 ವರ್ಷದೊಳಗಿನವರಲ್ಲಿ, ವಿಪರೀತ ಚಡಪಡಿಕೆ ಅಥವಾ ಸಾಯುವ ಮಾತು ಕಂಡರೆ ಅಂದೇ ವೈದ್ಯರನ್ನು ಕಾಣಿ. ಒಂಟಿಯಾಗಿ ಬಿಡಬೇಡಿ. ಮಾತ್ರೆಗಳು ನಿಮ್ಮ ಕೈಯಲ್ಲಿರಲಿ.

ದೂರದ ಆಸ್ಪತ್ರೆಗೆ ಪದೇ ಪದೇ ಹೋಗಲಾಗದೇ? 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಾತ್ರೆ ಬಿಡುವ ಮುನ್ನ ಒಮ್ಮೆ ಕೇಳಿ ನೋಡಿ.