ಮೇಜಿನ ಮೇಲೊಂದು ದಂಡಯಾತ್ರೆ

ಸುಳ್ಯ ತಾಲೂಕಿನ ಆಲೆಟ್ಟಿ ಕೇರಳದ ಗಡಿಗೆ ತಾಗಿಕೊಂಡಿರುವ ಗ್ರಾಮ. ಈ ಸೀಮೆಯ ವಿದ್ಯಾರ್ಥಿಗಳಿಗೆ 1837ರ ಅಮರ ಸುಳ್ಯದ ಬಂಡಾಯದ ಕಥೆ ಹೊಸದಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕೊಡಗನ್ನು ವಶಪಡಿಸಿಕೊಂಡು, ಅದಕ್ಕೆ ಸೇರಿದ್ದ ಅಮರ ಸುಳ್ಯದ ಭಾಗವನ್ನು ಕೆನರಾ ಜಿಲ್ಲೆಗೆ ಕೂಡಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದಿತು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳುತನದಲ್ಲಿ ರೈತರ ದಂಡು ಬೆಳ್ಳಾರೆ, ಪುತ್ತೂರು, ಬಂಟ್ವಾಳದ ದಾರಿಯಾಗಿ ನಡೆದು, 1837ರ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಆದರೆ ಅದು ಕೈಯಲ್ಲಿ ಉಳಿದದ್ದು ಹದಿಮೂರು ದಿನ ಮಾತ್ರ.

ಏಕೆ? ಪಾಠಪುಸ್ತಕಗಳು ಇದಕ್ಕೆ ಒಂದು ಸಾಲಿನ ಉತ್ತರ ಕೊಟ್ಟು ಮುಂದೆ ಹೋಗುತ್ತವೆ. ಇಂತಹ ಪ್ರಶ್ನೆಯನ್ನು ನಕಾಶೆ, ಕಾಯಿ ಮತ್ತು ದಾಳಗಳ ನೆರವಿನಿಂದ ಬಿಡಿಸಿ ನೋಡುವ ವಿಧಾನವೊಂದಿದೆ. ಅದೇ ಯುದ್ಧದಾಟ. ಅದು ಹೇಗೆ ಬೆಳೆದು ಬಂತು ಎಂಬುದನ್ನು ಮೊದಲು ನೋಡೋಣ.

ಇದರ ಬೇರು ನಮ್ಮ ಚದುರಂಗದಲ್ಲಿಯೇ ಇದೆ. ಚತುರಂಗವೆಂದರೆ ಆನೆ, ಕುದುರೆ, ರಥ, ಕಾಲಾಳುಗಳೆಂಬ ಸೈನ್ಯದ ನಾಲ್ಕು ಅಂಗಗಳು. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಈ ಆಟದ ವಿವರಗಳಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. 1831ರಲ್ಲಿ ಕಂಪನಿಯು ಅವರ ಕೈಯಿಂದ ಆಡಳಿತವನ್ನು ತೆಗೆದುಕೊಂಡಿತು. ಮುಂದೆ 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಕಲೆ, ವಿದ್ಯೆ, ಮಣೆಯಾಟಗಳಲ್ಲಿ ಮನಸ್ಸಿಟ್ಟರು. ಹೆಸರಿಗೆ ರಾಜ, ಆದರೆ ಆಳಲು ರಾಜ್ಯವಿಲ್ಲ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ಯ ವಿಷಯವೇ ಆಟಗಳು. ಒಂದೇ ಕುದುರೆಯು ಚದುರಂಗದ 64 ಮನೆಗಳನ್ನೂ ಒಂದೊಂದು ಬಾರಿ ಮುಟ್ಟಿ ಬರುವ ನಡೆಗಳನ್ನು ಅವರು ರಚಿಸಿದರು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ಇಂತಹ ಹಳೆಯ ಮಣೆಗಳನ್ನು ಹೊಸದಾಗಿ ಮಾಡಿಸಿ ಪ್ರದರ್ಶನಗಳಲ್ಲಿ ಇಡುತ್ತ ಬಂದಿದೆ.

ಆದರೆ ಚದುರಂಗದಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ. ಎಲ್ಲ ಮನೆಗಳೂ ಒಂದೇ. ಈ ಕೊರತೆಯನ್ನು ತುಂಬಲು ಹೊರಟವನು ಜರ್ಮನಿಯ ಬ್ರೌನ್ಷ್ವೈಗಿನ ಗಣಿತಜ್ಞ ಹೆಲ್ವಿಗ್. 1780ರಲ್ಲಿ ಅವನು ಚದುರಂಗದ ಮಣೆಯನ್ನು 1617 ಮನೆಗಳಿಗೆ ಹಿಗ್ಗಿಸಿ, ಬೆಟ್ಟ, ನೀರು, ಜೌಗುಗಳಿಗೆ ಬೇರೆ ಬೇರೆ ಬಣ್ಣ ಬಳಿದನು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್, ತನ್ನ ತಂದೆ ಆರಂಭಿಸಿದ್ದ ಆಟವನ್ನು ತಿದ್ದಿ, ಮನೆಗಳನ್ನೇ ಕೈಬಿಟ್ಟು ನಿಜವಾದ ಭೂಪಟವನ್ನು ಹಾಸಿದನು. ದಾಳ ಬಂತು, ತೀರ್ಪುಗಾರ ಬಂದ. ಅದನ್ನು ಕಂಡ ಸೇನಾ ಮುಖ್ಯಸ್ಥರು ಇದನ್ನು ಆಟವೆನ್ನದೆ ಯುದ್ಧದ ತರಬೇತಿಯೆಂದೇ ಬಗೆದು ಸೈನ್ಯಕ್ಕೆ ಶಿಫಾರಸು ಮಾಡಿದರು.

ಸೈನಿಕರ ಈ ಸಾಧನ ಜನಸಾಮಾನ್ಯರ ಮನೆಗೆ ಬಂದದ್ದು ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ಎಂಬಾತನಿಂದ. 1954ರಲ್ಲಿ ಆತ ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಅಂಚೆಯ ಮೂಲಕ ಮಾರಿದನು. 1958ರಲ್ಲಿ ಅವಲಾನ್ ಹಿಲ್ ಕಂಪನಿಯ ಹೆಸರಿನಲ್ಲಿ ‘ಗೆಟಿಸ್ಬರ್ಗ್’ ಹೊರಬಂತು. 1961ರಲ್ಲಿ ಅದರ ನಕಾಶೆಯ ಚೌಕಗಳು ಹೋಗಿ ಷಟ್ಕೋನಗಳು ಬಂದವು. ಕಾರಣ ಸರಳ. ಚೌಕದ ಮಣೆಯಲ್ಲಿ ಮೂಲೆಯಿಂದ ಮೂಲೆಗೆ ಹೆಜ್ಜೆಯಿಟ್ಟವನು ನೇರ ಹೋದವನಿಗಿಂತ ಸುಮಾರು 1.4 ಪಟ್ಟು ದೂರ ಸಾಗುತ್ತಾನೆ. ಜೇನಿನ ಎರಿಯ ಕಣ್ಣುಗಳಂತಿರುವ ಷಟ್ಕೋನಗಳಲ್ಲಿ ಆರೂ ದಿಕ್ಕಿಗೆ ದೂರ ಒಂದೇ. ಮೋಸಕ್ಕೆ ಎಡೆಯಿಲ್ಲ.

ರಾಬರ್ಟ್ಸ್ ವ್ಯಾಪಾರದಲ್ಲಿ ಗೆಲ್ಲಲಿಲ್ಲ. ಸಾಲ ಬೆಳೆದು, 1960ರ ದಶಕದ ಆರಂಭದಲ್ಲಿಯೇ ಕಂಪನಿಯು ಸಾಲಗಾರರಲ್ಲೊಬ್ಬರಾದ ಮೊನಾರ್ಕ್ ಮುದ್ರಣಾಲಯದವರ ಪಾಲಾಯಿತು. ಅವರು ಅದನ್ನು ಮುಚ್ಚದೆ ನಡೆಸಿದರು. 1977ರಲ್ಲಿ ಜಾನ್ ಹಿಲ್ ರೂಪಿಸಿದ ‘ಸ್ಕ್ವಾಡ್ ಲೀಡರ್’ ಬಂತು. ಇದು ಎರಡನೆಯ ಮಹಾಯುದ್ಧದ ಕಾಳಗಗಳ ಆಟ. ಇಲ್ಲಿ ಸೇನಾಪತಿಯಿಲ್ಲ, ಹತ್ತಾರು ಜನರ ಸಣ್ಣ ತುಕಡಿ, ಅದರ ನಾಯಕ, ಒಂದು ಬೀದಿ, ಅಷ್ಟೇ. ಹನ್ನೆರಡು ಸನ್ನಿವೇಶಗಳನ್ನು ಒಂದಾದ ಮೇಲೊಂದರಂತೆ ಆಡುತ್ತ ಹೋದರೆ ನಿಯಮಗಳೂ ಹಂತಹಂತವಾಗಿ ಮೈಗೂಡುತ್ತವೆ. ಒಳ್ಳೆಯ ಮೇಷ್ಟರ ಪಾಠದಂತೆ.

ಮುಂದೆ ಮೂರು ಪೂರಕ ಪೆಟ್ಟಿಗೆಗಳು ಬಂದವು. ಪ್ರತಿಯೊಂದೂ ಹೊಸ ನಿಯಮಗಳನ್ನು ಹೊತ್ತು ತಂದು ಹಳೆಯದನ್ನು ತಿದ್ದುತ್ತಿತ್ತು. ಯಾವ ನಿಯಮ ಊರ್ಜಿತ, ಯಾವುದು ರದ್ದು ಎಂಬುದೇ ಆಟಗಾರರಿಗೆ ತಲೆನೋವಾಯಿತು. ಕೊನೆಗೆ 1985ರಲ್ಲಿ ಎಲ್ಲವನ್ನೂ ಹೊಸದಾಗಿ ಬರೆದು, ‘ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್’ ಎಂಬ ಹೆಸರಿನಲ್ಲಿ, ಹಾಳೆ ಬದಲಿಸಬಹುದಾದ ಫೈಲಿನ ರೂಪದಲ್ಲಿ ಹೊರತಂದರು. 1998ರಲ್ಲಿ ಆಟಿಕೆಗಳ ದೊಡ್ಡ ಸಂಸ್ಥೆ ಹ್ಯಾಸ್ಬ್ರೋ ಅವಲಾನ್ ಹಿಲ್ಲನ್ನು ಕೊಂಡುಕೊಂಡಿತು. ಇಷ್ಟು ಬಿಗಿಯಾದ ಆಟಕ್ಕೆ ದೊಡ್ಡ ಮಾರುಕಟ್ಟೆಯಿಲ್ಲ. ಸರಣಿ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಆಟಗಾರರೇ ಕಟ್ಟಿಕೊಂಡಿದ್ದ ಮಲ್ಟಿ-ಮ್ಯಾನ್ ಪಬ್ಲಿಷಿಂಗ್ ಎಂಬ ಸಣ್ಣ ಸಂಸ್ಥೆ ಪರವಾನಗಿ ಪಡೆದು ಅದನ್ನು ಮುಂದುವರಿಸಿತು. ಬೇಸ್‌ಬಾಲ್ ಆಟಗಾರ ಕರ್ಟ್ ಶಿಲ್ಲಿಂಗ್ ಅದರ ಪಾಲುದಾರರಲ್ಲೊಬ್ಬ. ಪ್ರಕಾಶಕರು ಬದಲಾದರೂ ಆಟ ಉಳಿದದ್ದು ಹೀಗೆ: ನಿಯಮಗಳು ಅಚ್ಚಿನಲ್ಲಿದ್ದವು, ಆಡುವವರು ಬಿಡಲಿಲ್ಲ.

ಈಗ ಸುಳ್ಯಕ್ಕೆ ಮರಳೋಣ. ಸುಳ್ಯದಿಂದ ಮಂಗಳೂರಿಗೆ ಸುಮಾರು 85 ಕಿಲೋಮೀಟರ್. ಒಂದು ಷಟ್ಕೋನಕ್ಕೆ 8 ಕಿಲೋಮೀಟರ್ ಎಂದಿಟ್ಟುಕೊಂಡರೆ ಹನ್ನೊಂದು ಮನೆಗಳು. ಒಂದು ಸರದಿಯೆಂದರೆ ಒಂದು ದಿನ. ದಾರಿಯಲ್ಲಿ ಕಾಲಾಳಿಗೆ ದಿನಕ್ಕೆ ಎರಡು ಮನೆ, ಕಾಡಿನಲ್ಲಿ ಒಂದು. ಹೊಳೆ ದಾಟಲು ಒಂದು ದಿನ ತಂಗಬೇಕು. ಕಾದಾಟವಾದಾಗ ಮೇಲೇರಿ ಬಂದವರ ಬಲ ತಡೆದವರ ಬಲಕ್ಕೆ ಎಷ್ಟು ಪಟ್ಟು ಎಂದು ಲೆಕ್ಕ ಹಾಕಿ, ದಾಳ ಉರುಳಿಸಿ, ಕೋಷ್ಟಕದಲ್ಲಿ ಫಲ ನೋಡುವುದು. ಮೂರು ಪಟ್ಟಿದ್ದರೂ ದಾಳ ಕೈಕೊಡಬಹುದು; ಯುದ್ಧದಲ್ಲಿಯೂ ಹಾಗೆಯೇ ಅಲ್ಲವೇ?

ಆಡಲು ಕುಳಿತರೆ ಒಂದು ವಾರದೊಳಗೆ ದಂಡು ಮಂಗಳೂರು ಸೇರುತ್ತದೆ. ಕಷ್ಟ ಶುರುವಾಗುವುದು ಅಲ್ಲಿಂದ. ನಕಾಶೆಯ ಪಶ್ಚಿಮಕ್ಕೆ ಸಮುದ್ರ. ಹಡಗಿಗೆ ಗುಡ್ಡವೂ ಇಲ್ಲ, ಕಾಡೂ ಇಲ್ಲ, ದಿನಕ್ಕೆ ಹತ್ತು ಮನೆ ಕೊಟ್ಟರೂ ಹೆಚ್ಚಲ್ಲ. ಕಂಪನಿಯ ಅಧಿಕಾರಿಗಳು ಕಣ್ಣೂರಿಗೆ ತಪ್ಪಿಸಿಕೊಂಡದ್ದು ಸಮುದ್ರದ ದಾರಿಯಲ್ಲಿ, ಅವರ ಸೈನ್ಯ ಮರಳಿದ್ದೂ ಅದೇ ದಾರಿಯಲ್ಲಿ. ದಂಡಿನವರ ಬಳಿ ಹಡಗಿರಲಿಲ್ಲ. ಹೊಸ ಬಲ ಬೇಕೆಂದರೆ ಬೆನ್ನ ಹಿಂದಿನ ಹನ್ನೊಂದು ಮನೆಗಳನ್ನು ಮತ್ತೆ ನಡೆಯಬೇಕು. ಧೈರ್ಯದ ಕೊರತೆಯಿಂದಲ್ಲ, ಎದುರಾಳಿಗೆ ಮಾತ್ರ ತೆರೆದಿದ್ದ ಒಂದು ದಾರಿಯಿಂದ ಮಂಗಳೂರು ಕೈತಪ್ಪಿತು ಎಂಬುದು ನಕಾಶೆಯ ಮೇಲೆ ಕಣ್ಣಿಗೆ ಕಾಣುತ್ತದೆ.

ನಾಯಕರನ್ನು ಗಲ್ಲಿಗೇರಿಸಿದ ಘಟನೆಯನ್ನು ಆಟವೆಂದು ಕರೆಯಲು ನಿಮಗೆ ಹಿಂಜರಿಕೆಯಾದರೆ ತಪ್ಪಲ್ಲ. ನನಗೂ ಆಗುತ್ತದೆ. ಆದರೆ ಮಂಗಳೂರಿಗೆ ಇಳಿಯದೆ ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ದಡವನ್ನೇ ಹಿಡಿದು ನಿಂತಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಓದಿದವನಿಗಿಂತ ಆಡಿದವನು ಬೇಗ ಕೇಳುತ್ತಾನೆ.

ಇದಕ್ಕೆ ಪೆಟ್ಟಿಗೆ ತರಿಸಬೇಕಾಗಿಲ್ಲ. ಜಿಲ್ಲೆಯ ನಕಾಶೆಯ ಮೇಲೆ ತೆಳು ಕಾಗದವಿಟ್ಟು ಷಟ್ಕೋನಗಳನ್ನು ಗೆರೆ ಎಳೆದುಕೊಳ್ಳಿ. ಆಟಿ ತಿಂಗಳಲ್ಲಿ ಚೆನ್ನೆಮಣೆಯೊಂದಿಗೆ ಹೊರಬರುವ ಕಾಯಿಗಳು ದಂಡಿನವರಾಗಲಿ, ಅಡುಗೆಮನೆಯ ಹುಣಸೆಬೀಜ ಕಂಪನಿಯ ಸಿಪಾಯಿಗಳಾಗಲಿ. ನಿಯಮಗಳನ್ನು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಬಂಟ್ವಾಳ ತಲುಪುವ ಮೊದಲೇ ಜಗಳ ಶುರುವಾಗುತ್ತದೆ.