ಕಾಲಿಗೂ ಬಿ.ಪಿ. ನೋಡ್ತಾರೆ

ಕೋಟನೂರಿನ ಒಬ್ಬ ಕಾಕಾ ತೊಗರಿ ಹೊಲಕ್ಕೆ ಹೊರಟಿದ್ದಾನೆ ಅನ್ನಿ. ಸ್ವಲ್ಪ ದೂರ ನಡೆದಾಗ ಮೀನಖಂಡ ಹಿಂಡಿದಂಗೆ ನೋವು. ಬೇವಿನ ಗಿಡದ ಕೆಳಗೆ ನಿಲ್ಲುತ್ತಾನೆ. ಎರಡು ಮೂರು ನಿಮಿಷದಲ್ಲಿ ನೋವು ಮಾಯ. ಮತ್ತೆ ನಡೆದರೆ ಮತ್ತೆ ಅದೇ ನೋವು.

"ಕಾಕಾ, ದವಾಖಾನಿಗಿ ಹೋಗಮು ನಡಿ" ಅಂತಾನೆ ಅಣ್ಣನ ಮಗ.

"ಬ್ಯಾಡೋ ತಮ್ಮಾ. ವಾಯು ಹಿಡ್ದದ ಅಷ್ಟೇ. ಅಲ್ಲಿ ಹೋದ್ರ ಕಾಲೇ ಕೊಯ್ತಾರ!"

ಇದು ವಾಯು ಅಲ್ಲದೆ ಇರಬಹುದು. ಹೊಲದ ಪೈಪಿನೊಳಗೆ ಕೆಸರು ಕಟ್ಟಿದರೆ ಕೊನೆಯ ಸಾಲಿಗೆ ನೀರು ಜೋರಾಗಿ ಹೋಗುವುದಿಲ್ಲ. ಹಾಗೆಯೇ ರಕ್ತನಾಳದೊಳಗೆ ಕೊಬ್ಬು ಕಟ್ಟಿದರೆ ಕಾಲಿಗೆ ರಕ್ತ ಸಾಲುವುದಿಲ್ಲ. ಕೂತಾಗ ಕಾಲಿಗೆ ಸ್ವಲ್ಪ ರಕ್ತ ಸಾಕು. ನಡೆಯುವಾಗ ಬಹಳ ಬೇಕು. ಅದಕ್ಕೇ ನಡೆದಾಗ ನೋವು. ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರಿಗೆ ಇದು ಹೆಚ್ಚು.

ಇದನ್ನು ಹೇಗೆ ನೋಡ್ತಾರೆ? ಸೂಜಿ ಇಲ್ಲ. ಚಾಕು ಇಲ್ಲ. ಮೊದಲು ಹತ್ತು ನಿಮಿಷ ಸುಮ್ಮನೆ ಮಲಗಿಸುತ್ತಾರೆ. ಬಿ.ಪಿ. ನೋಡುವ ಪಟ್ಟಿಯನ್ನು ಎರಡೂ ತೋಳಿಗೆ ಕಟ್ಟುತ್ತಾರೆ. ಆಮೇಲೆ ಎರಡೂ ಕಾಲಿನ ಹರಡಿನ ಮೇಲೆ ಕಟ್ಟುತ್ತಾರೆ. ತಣ್ಣನೆಯ ಜೆಲ್ ಹಚ್ಚಿ, ಪೆನ್ನಿನಂಥ ಡಾಪ್ಲರ್ ಕಡ್ಡಿ ಇಡುತ್ತಾರೆ. ರಕ್ತ ಹರಿಯುವ ಸದ್ದು ನಮಗೂ ಕೇಳಿಸುತ್ತದೆ. ಪಟ್ಟಿಗೆ ಗಾಳಿ ತುಂಬಿದರೆ ಸದ್ದು ನಿಲ್ಲುತ್ತದೆ. ಗಾಳಿ ಬಿಡುತ್ತಾ ಬಂದರೆ ಸದ್ದು ಮರಳುತ್ತದೆ. ಆಗಿನ ಅಂಕಿ ಬರೆದುಕೊಳ್ಳುತ್ತಾರೆ. ಪಟ್ಟಿ ಸ್ವಲ್ಪ ಬಿಗಿಯುತ್ತದೆ, ಅಷ್ಟೇ.

ಲೆಕ್ಕ ಕಲಿತಿದ್ದೀರಲ್ಲ, ನೀವೇ ಮಾಡಿ ನೋಡಿ. ಕಾಕಾನ ತೋಳಿನಲ್ಲಿ 140, ಕಾಲಿನಲ್ಲಿ 84 ಬಂತು ಅನ್ನಿ. 84ನ್ನು 140ರಿಂದ ಭಾಗಿಸಿ. 0.6 ಬಂತು. 1ರಿಂದ 1.4ರವರೆಗೆ ಬಂದರೆ ಸರಿ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಎಂದರ್ಥ.

ಸಕ್ಕರೆ ಕಾಯಿಲೆ ಹಳೆಯದಾದರೆ ನಾಳ ಬಿರುಸಾಗಿರುತ್ತದೆ. ಪಟ್ಟಿ ಒತ್ತಿದರೂ ಬಗ್ಗುವುದಿಲ್ಲ. ಆಗ ಅಂಕಿ 1.4 ದಾಟಬಹುದು. ಅದನ್ನು ನಂಬಲಾಗದು. ಕಾಲ್ಬೆರಳಿಗೆ ಸಣ್ಣ ಪಟ್ಟಿ ಕಟ್ಟಿ ನೋಡಬೇಕಾಗುತ್ತದೆ. ನಾಳ ಎಲ್ಲಿ ಕಟ್ಟಿದೆ ಎಂದು ತಿಳಿಯಲು ಸ್ಕ್ಯಾನ್ ಮಾಡುತ್ತಾರೆ. ಅದಕ್ಕೂ ಕೊಯ್ಯುವುದಿಲ್ಲ.

ಕಾಕಾ ಹೆದರುವುದು ತಪ್ಪಲ್ಲ. ಕಾಲು ಕಳಕೊಂಡವರನ್ನು ಅವನು ನೋಡಿರಬಹುದು. ಆದರೆ ಅವರಲ್ಲಿ ಎಷ್ಟೋ ಮಂದಿ ಗಾಯ ಕಪ್ಪಾದ ಮೇಲೆ ಹೋದವರು. ಬೇಗ ತಿಳಿದರೆ ಬೀಡಿ ಬಿಟ್ಟು, ಗುಳಿಗೆ ತಗೊಂಡು, ದಿನಾ ನಡೆದು ಕಾಲು ಉಳಿಸಿಕೊಳ್ಳಬಹುದು.

ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಅಲ್ಲಿ ಡಾಪ್ಲರ್ ಇಲ್ಲದಿದ್ದರೆ ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಕಾಲು ಒಮ್ಮೆಲೇ ತಣ್ಣಗಾಗಿ, ಬಿಳಚಿಕೊಂಡು, ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ ಹೊರಡಿ.