ಸೋಲಿಗರ ಪೋಡಿನಿಂದ ಭದ್ರಾವತಿ ತೋಟಕ್ಕೆ: ಸಾವಯವ ಕಾಫಿಯಲ್ಲಿ ದುಡ್ಡು ಇರೋದು ಎಲ್ಲಿ?

ಮೊದಲು ನನ್ನ ಸೋಲಿನ ಕಥೆ ಹೇಳ್ತೀನಿ.

ಭದ್ರಾವತಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ಮೊದಲ ಸಲ ಕಾಫಿ ಕೊಯ್ದಾಗ ಎಂಟು ಮೂಟೆ ಆಯ್ತು. ಗಾಡಿಗೆ ಹಾಕ್ಕೊಂಡು ಶಿವಮೊಗ್ಗಕ್ಕೆ ಹೋದೆ. ವ್ಯಾಪಾರಿಗೆ "ಪೂರ್ತಿ ಸಾವಯವ, ಸಾರ್" ಅಂದೆ. ಅವರು ಮೂಟೆಗೆ ಕೈ ಹಾಕಿ ಒಂದು ಹಿಡಿ ತೆಗೆದು ನನ್ನ ಮುಂದೆ ಸುರಿದರು. ಕಾಯಿ, ಹಣ್ಣು, ಕಪ್ಪಾಗಿದ್ದು, ಅರೆಬರೆ ಒಣಗಿದ್ದು ಎಲ್ಲಾ ಒಟ್ಟಿಗೇ ಇತ್ತು. ಅವತ್ತಿನ ದರಕ್ಕಿಂತ ಕಡಿಮೆ ಬೆಲೆ ಸಿಕ್ಕಿತು. ತಪ್ಪು ಅವರದಲ್ಲ. ತೋಟಗಾರಿಕೆ ಪದವಿ ಓದಿದ ನಾನೇ ಒಂದೇ ಸಲಕ್ಕೆ ಕೊಂಬೆ ಸವರಿ ಕೊಯ್ಸಿದ್ದೆ.

ಅದಾದ ಮೇಲೆ ನಾನು ಹೋಗಿದ್ದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ.

ಕಾಡು ಮುಚ್ಚಿತು, ಕಾಫಿ ಉಳಿಯಿತು

ಅಲ್ಲಿನ ಸೋಲಿಗರು ಪೋಡುಗಳಲ್ಲಿ ಇರ್ತಾರೆ. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಕೊಡೋದು ಅವರ ದೊಡ್ಡ ಆದಾಯವಾಗಿತ್ತು. 2006ರ ಹೊತ್ತಿಗೆ ಮಾರಾಟಕ್ಕಾಗಿ ಕಾಡಿನಿಂದ ತರೋದಕ್ಕೆ ತಡೆ ಬಿತ್ತು. 2011ರಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಗಳೂ ಸಿಕ್ಕವು. ಆದರೆ ನಡುವಿನ ಆ ವರ್ಷಗಳಲ್ಲಿ ಕೈಗೆ ನಾಲ್ಕು ಕಾಸು ಬೇಕಲ್ಲ? ಅಲ್ಲಿ ಕಾಫಿ ನೆರವಿಗೆ ಬಂತು.

ಬೆಟ್ಟದ ಅತ್ತಿಖಾನೆ, ಹೊನ್ನಮೇಟಿ, ಬೇಡಗುಳಿ ಎಸ್ಟೇಟುಗಳಿಂದಾಗಿ ಕಾಫಿ ಗಿಡ ಅವರಿಗೆ ಗೊತ್ತಿದ್ದದ್ದೇ. ಮನೆ ಪಕ್ಕದ ತುಂಡು ಜಮೀನಿನಲ್ಲಿ ಕಾಡುಮರಗಳನ್ನು ಉಳಿಸಿಕೊಂಡು ಅದರ ನೆರಳಲ್ಲಿ ಕಾಫಿ, ಜೊತೆಗೆ ಮೆಣಸು. ಗೊಬ್ಬರದ ಚೀಲ ಕೊಳ್ಳೋಕೆ ದುಡ್ಡೂ ಇರಲಿಲ್ಲ, ತರಗೆಲೆ ಇರುವಾಗ ಅದರ ಅಗತ್ಯವೂ ಇರಲಿಲ್ಲ.

ಅಂದರೆ ಅವರು ಮೊದಲಿನಿಂದಲೂ ಸಾವಯವ ರೈತರೇ. ಆದರೂ ಬಡತನ ಹೋಗಲಿಲ್ಲ. ಯಾಕೆ? ಒಬ್ಬೊಬ್ಬರ ಬೆಳೆಯೂ ಸ್ವಲ್ಪ ಸ್ವಲ್ಪ. ಬಾಗಿಲಿಗೆ ಬಂದವರು ಹೇಳಿದ್ದೇ ರೇಟು. ಬ್ಲ್ಯಾಕ್ ಬಾಜಾ ಕಾಫಿಯಂಥ ಸಂಸ್ಥೆಗಳು ನೇರವಾಗಿ ಸೋಲಿಗರಿಂದ ಕೊಳ್ಳೋಕೆ ಶುರು ಮಾಡಿದ ಮೇಲೆ ಹಣ್ಣನ್ನು ಮಾತ್ರ ಕೊಯ್ಯುವುದಕ್ಕೆ, ಸರಿಯಾಗಿ ಒಣಗಿಸುವುದಕ್ಕೆ, ಮರ ಉಳಿಸಿದ್ದಕ್ಕೆ ಬೆಲೆ ಬಂತು. ಆಂಧ್ರದ ಅರಕು ಕಣಿವೆಯ ಆದಿವಾಸಿಗಳದ್ದೂ ಇದೇ ದಾರಿ. ಒಟ್ಟಾಗಿ ಬೆಳೆದು ಒಟ್ಟಾಗಿ ಮಾರಿದರು. 2019ರಲ್ಲಿ ಅವರ ಅರೇಬಿಕಾಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು.

ಅಲ್ಲಿ ನಾನು ಕಲಿತದ್ದು ಒಂದೇ: "ವಿಷ ಹಾಕಿಲ್ಲ" ಅನ್ನೋದು ಅರ್ಧ ಕೆಲಸ. ದುಡ್ಡು ಇರೋದು ಕೊಯ್ಲು, ಕಣ, ಒಗ್ಗಟ್ಟು ಈ ಮೂರರಲ್ಲಿ.

ನಮ್ಮ ಕಡೆ ಹೇಗೆ?

ಬೆಟ್ಟದ್ದನ್ನು ಹಾಗೇ ನಕಲು ಮಾಡ್ಬೇಡಿ. ಅಲ್ಲಿ ಎತ್ತರ ಇದೆ, ಅರೇಬಿಕಾ ಬರುತ್ತೆ. ಅರೇಬಿಕಾಗೆ 1000 ಮೀಟರ್ ಮೇಲೆ ಬೇಕು. ಭದ್ರಾವತಿ, ಶಿವಮೊಗ್ಗ 600 ಮೀಟರ್ ಆಸುಪಾಸು. ಇಲ್ಲಿ ಅರೇಬಿಕಾ ಹಾಕಿದರೆ ಬಿಸಿಲಿಗೆ ಬಾಡಿ ಬಿಳಿ ಕಾಂಡಕೊರಕಕ್ಕೆ ಬಲಿಯಾಗುತ್ತೆ. ನಮಗೆ ರೊಬಸ್ಟಾನೇ ಸರಿ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯ ಸಿ×ಆರ್ ತಳಿಯ ಗಿಡ ಅಷ್ಟಾಗಿ ಹರಡಲ್ಲ, ಅಡಿಕೆ ನಡುವೆ ಹೊಂದುತ್ತೆ. ನಾಲ್ಕು ಅಡಿಕೆ ಮರದ ಮಧ್ಯೆ ಒಂದು ಗಿಡ, ಒಂದು ಸಾಲು ಬಿಟ್ಟು ಒಂದು ಸಾಲು ಸಾಕು.

ಫೆಬ್ರವರಿ–ಮಾರ್ಚ್‌ನಲ್ಲಿ ಹೂವಿಗೆ ನೀರು ತಪ್ಪಬಾರದು. ರೊಬಸ್ಟಾದಲ್ಲಿ ಪರಕೀಯ ಪರಾಗಸ್ಪರ್ಶ ಆಗ್ಬೇಕು, ಹಾಗಾಗಿ ಒಂದೆರಡು ಜೇನುಪೆಟ್ಟಿಗೆ ಇಡಿ. ಹೂವಿನ ಸಮಯದಲ್ಲಿ ಅಕ್ಕಪಕ್ಕದವರು ಕೀಟನಾಶಕ ಹೊಡೆಯದ ಹಾಗೆ ಮಾತಾಡಿಕೊಳ್ಳಿ.

ಬೆಲೆ ತರುವ ಮೂರು ಕೆಲಸ

1. ಹಣ್ಣು ಮಾತ್ರ ಕೊಯ್ಯಿರಿ. ಎರಡು-ಮೂರು ಸುತ್ತು ಆಗುತ್ತೆ, ಕೂಲಿ ಹೆಚ್ಚುತ್ತೆ, ನಿಜ. ಕೂಲಿಯನ್ನು ಕೆಜಿ ಲೆಕ್ಕದಲ್ಲಿ ಕೊಟ್ಟರೆ ಕಾಯಿಯೂ ಬುಟ್ಟಿಗೆ ಬರುತ್ತೆ. ನಾನೀಗ ದಿನಗೂಲಿ ಕೊಡ್ತೀನಿ. ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣನ್ನೂ ಆರಿಸಿ ತೆಗೀರಿ, ಕಾಯಿಕೊರಕ ಅದರಲ್ಲೇ ಬದುಕೋದು.

2. ಮಣ್ಣಿನ ಮೇಲೆ ಒಣಗಿಸ್ಬೇಡಿ. ಸಿಮೆಂಟ್ ಕಣ ಇಲ್ಲದಿದ್ದರೆ ಬಿದಿರಿನ ಅಟ್ಟಣೆ ಮೇಲೆ ಬಲೆ ಹಾಸಿ. ಮೂರು ಇಂಚಿಗಿಂತ ದಪ್ಪ ಹರಡಬೇಡಿ. ದಿನಾ ಕೈಯಾಡಿಸಿ, ರಾತ್ರಿ ಮುಚ್ಚಿ. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ರೊಬಸ್ಟಾ ಚೆರ್ರಿಯ ತೇವಾಂಶ 11% ಮೀರಬಾರದು.

3. ಗುಂಪಾಗಿ. ಪ್ರಮಾಣಪತ್ರ ಒಬ್ಬರಿಗೆ ದುಬಾರಿ. ಹತ್ತಿರದ ಮಾರುಕಟ್ಟೆಗಾದರೆ ಪಿಜಿಎಸ್ ಪದ್ಧತಿಯಲ್ಲಿ ಐದು ರೈತರ ಗುಂಪಿನಿಂದಲೇ ಶುರು ಮಾಡಬಹುದು. ರಫ್ತಿಗೆ ಎನ್‌ಪಿಒಪಿ ಬೇಕು. ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆ ಅವಧಿ ಮೂರು ವರ್ಷ. ಇವತ್ತಿನಿಂದಲೇ ಮೊಬೈಲ್‌ನಲ್ಲಿ ಗೊಬ್ಬರ, ಕೊಯ್ಲು, ಕಣದ ಫೋಟೋ ತಾರೀಕು ಸಮೇತ ಇಡಿ. ತಪಾಸಣೆಗೆ ಬಂದಾಗ ಅದೇ ನಿಮ್ಮ ಸಾಕ್ಷಿ.

ಇನ್ನೊಂದು ಮಾತು

ನಮ್ಮ ಜಿಲ್ಲೆಯಲ್ಲೂ ಹಸಲರು, ಗೌಡಲು ಸಮುದಾಯದವರಿದ್ದಾರೆ. ಬೇರೆಯವರ ಅಡಿಕೆ ತೋಟದಲ್ಲಿ ಜೀವಮಾನ ದುಡಿದವರು ಅವರಲ್ಲಿ ತುಂಬಾ ಜನ. ಅರಣ್ಯ ಹಕ್ಕುಪತ್ರ ಸಿಕ್ಕ ಭೂಮಿ ಮಕ್ಕಳಿಗೆ ಹೋಗುತ್ತೆ, ಆದರೆ ಮಾರೋ ಹಾಗಿಲ್ಲ. ಅದೇ ಕಾರಣಕ್ಕೆ ಅದನ್ನು ತೋರಿಸಿ ಸಾಲ ಪಡೆಯೋದೂ ಕಷ್ಟ. ಹೆಚ್ಚು ಬಂಡವಾಳ ಬೇಡದ, ಮರ ಕಡಿಯಬೇಕಿಲ್ಲದ ಕಾಫಿ-ಮೆಣಸು ಅಂಥ ಭೂಮಿಗೆ ಹೊಂದುತ್ತೆ. ನಿಮ್ಮೂರಲ್ಲಿ ಗುಂಪು ಕಟ್ಟುವಾಗ ಅವರನ್ನು ಕೂಲಿಗೆ ಮಾತ್ರ ಕರೀಬೇಡಿ, ಸದಸ್ಯರನ್ನಾಗಿ ಸೇರಿಸಿ. ಯಾವ ಮರದಡಿ ಯಾವ ಗಿಡ ಬರುತ್ತೆ ಅನ್ನೋದು ನನ್ನ ಪದವಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಮರುವರ್ಷ ನನಗೆ ಸಿಕ್ಕಿದ್ದು ಆರೇ ಮೂಟೆ. ಅದೇ ಅಂಗಡಿಗೆ ಹೋದೆ. ಈ ಸಲ "ಸಾವಯವ" ಅಂತ ಬಾಯಿಬಿಡಲಿಲ್ಲ. ಅವರು ಒಂದು ಹಿಡಿ ತೆಗೆದು ಅಲ್ಲಾಡಿಸಿದರು. ಗಲಗಲ ಅಂತು. ಪೂರ್ತಿ ದರ ಕೊಟ್ಟು, ಇನ್ನೂ ಇದೆಯಾ ಅಂತ ಕೇಳಿದರು. ಒಬ್ಬನ ತೋಟದಲ್ಲಿ ಇನ್ನೆಲ್ಲಿಂದ ಬರಬೇಕು? ಅವತ್ತು ಸಂಜೆಯೇ ಪಕ್ಕದ ತೋಟದವರಿಗೆ ಫೋನ್ ಮಾಡಿದೆ.